ಅಲರ್ಜಿ ಇದ್ದವರಿಗೆ ಯಾವ ನಾಯಿ? ತಳಿಯ ಹೆಸರು ಕೇಳುವ ಮೊದಲು

[ಪರದೆಯ ಮೇಲೆ: ಪೆಸಿಫಿಕ್ ಸಾಗರದ ನಕ್ಷೆ. ಹವಾಯಿಯಿಂದ ಆಸ್ಟ್ರೇಲಿಯಾದವರೆಗೆ ನಿಧಾನವಾಗಿ ಎಳೆಯುವ ಒಂದು ಗೆರೆ.]

ನಮಸ್ಕಾರ. 1980ರ ದಶಕದಲ್ಲಿ ಹವಾಯಿಯ ಅಂಧ ಮಹಿಳೆಯೊಬ್ಬರು ಆಸ್ಟ್ರೇಲಿಯಾದ ರಾಯಲ್ ಗೈಡ್ ಡಾಗ್ ಸಂಸ್ಥೆಗೆ ಪತ್ರ ಬರೆದರು. ದಾರಿ ತೋರಿಸುವ ನಾಯಿಯೊಂದು ತಮಗೆ ಬೇಕಾಗಿದೆ, ಆದರೆ ಪತಿಗೆ ನಾಯಿ ಎಂದರೆ ಅಲರ್ಜಿ, ಏನಾದರೂ ಮಾಡಲು ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಸಂಸ್ಥೆಯಲ್ಲಿ ನಾಯಿಗಳ ಸಂತಾನಾಭಿವೃದ್ಧಿಯ ಹೊಣೆ ಹೊತ್ತಿದ್ದ ವಾಲಿ ಕಾನ್ರನ್ ಅವರು ಮೊದಲಿಗೆ ಪೂಡಲ್ ನಾಯಿಗಳಿಗೆ ತರಬೇತಿ ಕೊಟ್ಟು ನೋಡಿದರು. ಒಂದಲ್ಲ, ಎರಡಲ್ಲ, 33 ಪೂಡಲ್‌ಗಳನ್ನು ಪರೀಕ್ಷಿಸಿದರೂ ಒಂದೂ ಆ ಕೆಲಸಕ್ಕೆ ಒಗ್ಗಲಿಲ್ಲ. ಕೊನೆಗೆ ಅವರು ಲ್ಯಾಬ್ರಡಾರ್ ಮತ್ತು ಪೂಡಲ್ ನಾಯಿಗಳನ್ನು ಕೂಡಿಸಿದರು. 1989ರಲ್ಲಿ ಮೂರು ಮರಿಗಳು ಹುಟ್ಟಿದವು.

ಇಲ್ಲಿಂದ ಮುಂದಿನದು ಬಹಳ ಮುಖ್ಯ. ಕಾನ್ರನ್ ಅವರು ಮರಿಯನ್ನು ನೇರವಾಗಿ ವಿಮಾನ ಹತ್ತಿಸಲಿಲ್ಲ. ಮೂರೂ ಮರಿಗಳ ಕೂದಲು ಮತ್ತು ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳುಹಿಸಿದರು. ಮೂರರಲ್ಲಿ ಒಂದರ ಮಾದರಿ ಮಾತ್ರ ಆ ಪತಿಗೆ ತೊಂದರೆ ಕೊಡಲಿಲ್ಲ. ಸುಲ್ತಾನ್ ಎಂಬ ಹೆಸರಿನ ಆ ಮರಿಯೇ ತರಬೇತಿ ಪಡೆದು ಹವಾಯಿಗೆ ಹೋಯಿತು. ಒಂದೇ ತಾಯಿ, ಒಂದೇ ತಂದೆ, ಒಂದೇ ಹೆರಿಗೆ. ಆದರೂ ಒಂದು ಮರಿ ಆಯಿತು, ಎರಡು ಆಗಲಿಲ್ಲ. ಜಗತ್ತು ಮಾತ್ರ ಈ ವಿವರವನ್ನು ಬಿಟ್ಟು, ಲ್ಯಾಬ್ರಡೂಡಲ್ ಎಂಬ ಹೆಸರನ್ನಷ್ಟೇ ನೆನಪಿಟ್ಟುಕೊಂಡಿತು. ಎಷ್ಟರಮಟ್ಟಿಗೆ ಎಂದರೆ, ಹೆಸರಿನ ಬಲದಲ್ಲಿ ಕಂಡಕಂಡಂತೆ ಮರಿ ಮಾಡಿಸಿ ಮಾರುವವರನ್ನು ನೋಡಿ ಬೇಸತ್ತ ಕಾನ್ರನ್ ಅವರು ಮುಂದೆ ತಮ್ಮ ಕೆಲಸದ ಬಗ್ಗೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು.

[ದೃಶ್ಯ: ನಾಯಿ ತನ್ನ ಮೈಯನ್ನು ನೆಕ್ಕಿಕೊಳ್ಳುತ್ತಿರುವುದು, ಹತ್ತಿರದಿಂದ.]

ನಾಯಿಯ ಕೂದಲೇ ಅಲರ್ಜಿಗೆ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾಸ್ತವದಲ್ಲಿ ಕಾರಣವಾಗುವುದು ನಾಯಿಯ ದೇಹದಲ್ಲಿ ತಯಾರಾಗುವ ಕೆಲವು ಪ್ರೋಟೀನುಗಳು. ಅವುಗಳಲ್ಲಿ ಪ್ರಮುಖವಾದದ್ದಕ್ಕೆ ವಿಜ್ಞಾನಿಗಳು ಕ್ಯಾನ್ ಎಫ್ 1 ಎಂದು ಹೆಸರಿಟ್ಟಿದ್ದಾರೆ. ಇದು ಜೊಲ್ಲಿನಲ್ಲಿ ಇರುತ್ತದೆ, ನಮ್ಮ ತಲೆಹೊಟ್ಟಿನಂತೆ ನಾಯಿಯ ಚರ್ಮದಿಂದ ಉದುರುವ ಹೊಟ್ಟಿನಲ್ಲಿಯೂ ಇರುತ್ತದೆ. ನಾಯಿ ಮೈ ನೆಕ್ಕಿಕೊಂಡಾಗ ಜೊಲ್ಲು ಕೂದಲಿಗೆ ಅಂಟಿ, ಒಣಗಿ, ಪುಡಿಯಾಗಿ ಗಾಳಿಗೆ ಸೇರುತ್ತದೆ. ಈ ಕಣಗಳಲ್ಲಿ ಒಂದು ಪಾಲು ಎಷ್ಟು ಸಣ್ಣವೆಂದರೆ ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಬಟ್ಟೆಗೆ ಅಂಟಿಕೊಂಡು, ನಾಯಿಯೇ ಇಲ್ಲದ ಮನೆ ಮತ್ತು ಶಾಲೆಗಳಿಗೂ ತಲುಪುತ್ತವೆ. ಕೂದಲು ಇಲ್ಲಿ ವಾಹನ ಮಾತ್ರ. ಆದ್ದರಿಂದ ಮೆಕ್ಸಿಕೋದ ಬೋಳು ಮೈಯ ಷೋಲೋ ನಾಯಿಗೂ ಚರ್ಮವಿದೆ, ಜೊಲ್ಲಿದೆ, ಹೀಗಾಗಿ ಅಲರ್ಜಿ ತರುವ ಪ್ರೋಟೀನೂ ಇದೆ.

ಹಾಗಿದ್ದರೆ ಕೂದಲು ಕಡಿಮೆ ಉದುರುವ ಪೂಡಲ್, ಶಿಟ್ಝೂ, ಮಾಲ್ಟೀಸ್, ಬಿಷೋನ್ ಫ್ರೀಸೆಯಂಥ ತಳಿಗಳಿಂದ ಪ್ರಯೋಜನವೇ ಇಲ್ಲವೇ? ಈ ಪ್ರಶ್ನೆಯನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು, ಒಂದೊಂದೇ ನಾಯಿ ಇರುವ 173 ಮನೆಗಳ ದೂಳನ್ನು ಸಂಗ್ರಹಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಮನೆಗಳಲ್ಲಿ 60 ತಳಿಗಳ ನಾಯಿಗಳಿದ್ದವು. ಅವುಗಳಲ್ಲಿ ಕೆಲವು, ಅಲರ್ಜಿ ತರುವುದಿಲ್ಲ ಎಂದು ಹೆಸರಾದ ತಳಿಗಳು. ಎರಡೂ ಬಗೆಯ ಮನೆಗಳ ದೂಳಿನಲ್ಲಿ ಕ್ಯಾನ್ ಎಫ್ 1 ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನಿಂದ ಬಂದ ಅಧ್ಯಯನ ಇನ್ನೂ ಮುಂದೆ ಹೋಯಿತು. ಅಲರ್ಜಿಮುಕ್ತ ಎನ್ನಿಸಿಕೊಂಡ ತಳಿಗಳ ಕೂದಲಿನಲ್ಲಿಯೇ ಈ ಪ್ರೋಟೀನು ಹೆಚ್ಚು ಸಿಕ್ಕಿತು. ಲ್ಯಾಬ್ರಡೂಡಲ್ ಇರುವ ಮನೆಗಳ ನೆಲದ ದೂಳಿನಲ್ಲಿ ಅದು ಕಡಿಮೆ ಇತ್ತು ಎಂಬುದು ನಿಜ. ಆದರೆ ಉಸಿರಾಡುವ ಗಾಳಿಯಲ್ಲಿ ವ್ಯತ್ಯಾಸವಿರಲಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಮಾತು: ತಳಿ ತಳಿಗಳ ನಡುವಿನ ವ್ಯತ್ಯಾಸಕ್ಕಿಂತ, ಒಂದೇ ತಳಿಯ ಒಂದು ನಾಯಿಗೂ ಇನ್ನೊಂದು ನಾಯಿಗೂ ಇರುವ ವ್ಯತ್ಯಾಸವೇ ದೊಡ್ಡದು. ಸುಲ್ತಾನ್‌ನ ಕಥೆಯೂ ಇದನ್ನೇ ಹೇಳಿತ್ತು.

2009ರಲ್ಲಿ ಒಬಾಮಾ ದಂಪತಿಯ ಮನೆಗೆ ಬೋ ಎಂಬ ಪೋರ್ಚುಗೀಸ್ ವಾಟರ್ ಡಾಗ್ ಬಂದಾಗ, ಮಗಳು ಮಲಿಯಾಳ ಅಲರ್ಜಿಯ ಕಾರಣಕ್ಕೆ ಆ ತಳಿಯನ್ನು ಆರಿಸಿದರು ಎಂಬ ಸುದ್ದಿ ಲೋಕವೆಲ್ಲ ಹರಡಿತು. ಆ ಮನೆಗೆ ಆ ನಾಯಿ ಹೊಂದಿಕೊಂಡಿತು, ಸಂತೋಷ. ಅದರಿಂದ ನಿಮ್ಮ ಮನೆಗೆ ಆ ತಳಿಯ ಇನ್ನೊಂದು ನಾಯಿ ಹೊಂದುತ್ತದೆ ಎಂದಾಗುವುದಿಲ್ಲ. "ಅಲರ್ಜಿ ಚಿಂತೆನೇ ಬೇಡ ಸಾರ್, ಇದು ಕೂದಲು ಉದುರಿಸೋ ಜಾತಿಯೇ ಅಲ್ಲ" ಎಂದು ಹೇಳಿ, ಆ ಒಂದು ಮಾತಿಗೇ ಬೆಲೆ ಏರಿಸುವ ಮಾರಾಟಗಾರರು ಬೆಂಗಳೂರಿನಲ್ಲಿಯೂ ಇದ್ದಾರೆ.

[ದೃಶ್ಯ: ಬಡಾವಣೆಯ ಖಾಲಿ ಸೈಟು, ಬಿಳಿ ಹೂ ತುಂಬಿದ ಪಾರ್ಥೇನಿಯಂ ಗಿಡಗಳು.]

ಆದ್ದರಿಂದ ತಳಿಯನ್ನು ಹುಡುಕುವ ಮೊದಲು ನಿಮ್ಮ ಅಲರ್ಜಿ ಯಾವುದಕ್ಕೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಾಯಿಯಿರುವ ಮನೆಗೆ ಹೋದಾಗ ಸೀನು ಬಂದರೆ ಅದಕ್ಕೆ ನಾಯಿಯೇ ಕಾರಣವಾಗಿರಬೇಕೆಂದಿಲ್ಲ. ಅದು ಮಲಗುವ ಹಾಸಿಗೆಯಲ್ಲಿರುವ, ಕಣ್ಣಿಗೆ ಕಾಣದ ದೂಳಿನ ಹುಳಗಳೂ ಕಾರಣವಾಗಿರಬಹುದು. ನಾವು ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂನ ಪರಾಗ ಎಷ್ಟೋ ಜನರ ಮೂಗು ಸೋರಿಸುತ್ತದೆ. ಖಾಲಿ ಸೈಟಿನಲ್ಲಿ ಆ ಗಿಡಗಳ ನಡುವೆ ಓಡಾಡಿ ಬಂದ ನಾಯಿ ತನ್ನ ಮೈಮೇಲೆ ಪರಾಗವನ್ನು ಹೊತ್ತು ತರುತ್ತದೆ. ಹಾಗಾದಾಗ ನಾಯಿ ಬದಲಿಸಿ ಫಲವಿಲ್ಲ, ವಾಯುವಿಹಾರದ ದಾರಿ ಬದಲಿಸಬೇಕು. ಅಲರ್ಜಿ ತಜ್ಞರು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತ ಪರೀಕ್ಷೆಯ ಮೂಲಕ ಇದನ್ನು ಬಿಡಿಸಿ ಹೇಳಬಲ್ಲರು. ಚರ್ಮದ ಪರೀಕ್ಷೆಗೆ ಮುನ್ನ ಕೆಲವು ದಿನ ಅಲರ್ಜಿ ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆ, ಅದನ್ನು ವೈದ್ಯರನ್ನು ಕೇಳಿಯೇ ಮಾಡಿ.

ಪರೀಕ್ಷೆಯಿಂದ ಇನ್ನೊಂದು ಉಪಯೋಗವೂ ಇದೆ, ಇದು ಹೆಚ್ಚಿನವರಿಗೆ ತಿಳಿದಿಲ್ಲ. ಕ್ಯಾನ್ ಎಫ್ 5 ಎಂಬ ಪ್ರೋಟೀನು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುತ್ತದೆ. ನಾಯಿಯ ಅಲರ್ಜಿ ಇರುವವರಲ್ಲಿ ಒಂದು ಪಾಲು ಜನರಿಗೆ ತೊಂದರೆ ಇದೊಂದರಿಂದಲೇ. ಅಂಥವರಿಗೆ ಹೆಣ್ಣು ನಾಯಿ, ಇಲ್ಲವೇ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡು ನಾಯಿ ಒಗ್ಗುವ ಸಾಧ್ಯತೆ ಇದೆ. ಸಾಮಾನ್ಯ ಪರೀಕ್ಷೆಯಲ್ಲಿ ಇದು ಬೇರೆಯಾಗಿ ಗೊತ್ತಾಗುವುದಿಲ್ಲವಾದ್ದರಿಂದ ವೈದ್ಯರಲ್ಲಿ ಪ್ರತ್ಯೇಕವಾಗಿ ವಿಚಾರಿಸಿ. ಹೀಗೆ, ತಳಿಯ ಪಟ್ಟಿ ನೋಡಿ ಗೊಂದಲಕ್ಕೆ ಬಿದ್ದವರ ಪ್ರಶ್ನೆ ಕೆಲವೊಮ್ಮೆ ಗಂಡೋ ಹೆಣ್ಣೋ ಎಂಬಲ್ಲಿಗೆ ಬಂದು ನಿಲ್ಲಬಹುದು.

ಕಡಿಮೆ ಕೂದಲು ಉದುರಿಸುವ ತಳಿಯನ್ನೇ ಬಯಸುವವರು ಅದರ ಖರ್ಚನ್ನೂ ತಿಳಿದಿರಬೇಕು. ಪೂಡಲ್‌ನ ಕೂದಲು ಬೆಳೆಯುತ್ತಲೇ ಇರುವುದರಿಂದ ಕೆಲವು ವಾರಗಳಿಗೊಮ್ಮೆ ಕತ್ತರಿಸದಿದ್ದರೆ ಜಡೆಗಟ್ಟುತ್ತದೆ. ಶಿಟ್ಝೂನ ಮೊಂಡು ಮೂಗಿಗೆ ನಮ್ಮ ಬಯಲುಸೀಮೆಯ ಬೇಸಿಗೆ ಬಹಳ ಕಷ್ಟ. ಗಿಡ್ಡ ಕೂದಲಿನ ಮುಧೋಳ ನಾಯಿ ಆಗಬಹುದೇ ಎಂದು ಕೇಳುವವರಿದ್ದಾರೆ. ಅದರ ಕೂದಲನ್ನು ಗುಡಿಸುವ ಕೆಲಸ ಕಡಿಮೆ ಎಂಬುದು ನಿಜ, ಆದರೆ ಜೊಲ್ಲು ಮತ್ತು ಚರ್ಮದ ಹೊಟ್ಟು ಅದಕ್ಕೂ ಇದ್ದೇ ಇವೆ. ಜೊತೆಗೆ, ಬೇಟೆಯಲ್ಲಿ ಓಡಲೆಂದೇ ಬೆಳೆದುಬಂದ ಆ ನಾಯಿಯನ್ನು ಎರಡು ಕೋಣೆಯ ಫ್ಲಾಟಿನಲ್ಲಿ ಕಟ್ಟಿಹಾಕುವುದು ಅದಕ್ಕೆ ಮಾಡುವ ಅನ್ಯಾಯ.

[ದೃಶ್ಯ: ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಿರುವುದು.]

ಮನೆಯ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ನಮ್ಮ ಮನೆಗಳ ನೆಲ ಹೆಚ್ಚಾಗಿ ಟೈಲ್ಸ್, ಗ್ರಾನೈಟ್ ಅಥವಾ ರೆಡ್ ಆಕ್ಸೈಡ್‌ನದು, ಅಲರ್ಜಿಯ ಕಣಗಳು ಅಲ್ಲಿ ಬೇರೂರುವುದಿಲ್ಲ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗಳಲ್ಲಿರುವ ಅಮೆರಿಕದ ಕನ್ನಡಿಗರಿಗೆ ಈ ಭಾಗ್ಯವಿಲ್ಲ. ಆದರೆ ಒಣ ಪೊರಕೆಯಲ್ಲಿ ಗುಡಿಸಿದರೆ ನೆಲದಲ್ಲಿದ್ದದ್ದು ಮೂಗಿಗೆ ಏರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ. ಮಲಗುವ ಕೋಣೆಗೆ ನಾಯಿಯನ್ನು ಮೊದಲ ದಿನದಿಂದಲೇ ಬಿಡಬೇಡಿ. ಸ್ನಾನ ಮಾಡಿಸಿದರೆ ಅಲರ್ಜಿಯ ಅಂಶ ಇಳಿಯುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಏರುವುದರಿಂದ ವಾರಕ್ಕೆ ಎರಡು ಸಲ ಮಾಡಿಸಬೇಕು. ಅಷ್ಟು ಸ್ನಾನವನ್ನು ಆ ನಾಯಿಯ ಚರ್ಮ ತಾಳೀತೇ ಎಂದು ಪಶುವೈದ್ಯರನ್ನು ಕೇಳಿಕೊಳ್ಳಿ. ಬಾಚುವ ಕೆಲಸವನ್ನು ಅಲರ್ಜಿ ಇಲ್ಲದವರು, ಮನೆಯ ಹೊರಗೆ ಮಾಡಲಿ. ನಾಯಿ ನೆಕ್ಕಿದ ಕಡೆ ಪಿತ್ತದ ಗಂಧೆ ಏಳುವವರು ಕೂಡಲೇ ತೊಳೆದುಕೊಳ್ಳಬೇಕು. ಉಬ್ಬಸ ಹತೋಟಿಗೆ ಬಾರದವರು ಮಾತ್ರ ಈ ಯಾವ ಉಪಾಯವನ್ನೂ ನಂಬಿ ನಾಯಿ ತರಬಾರದು.

ಇನ್ನು ಆಯ್ಕೆ. ಸಾಧ್ಯವಾದರೆ ಮರಿಗಿಂತ ಬೆಳೆದ ನಾಯಿಯನ್ನು ನೋಡಿ, ಏಕೆಂದರೆ ಮಿಶ್ರ ತಳಿಯ ಮರಿಯ ಕೂದಲು ದೊಡ್ಡದಾದ ಮೇಲೆ ಹೇಗಿರುತ್ತದೆ ಎಂಬುದನ್ನು ಮಾರುವವನೂ ಹೇಳಲಾರ. ಇಷ್ಟವಾದ ನಾಯಿಯ ಮೈಯನ್ನು ಟವೆಲಿನಿಂದ ಉಜ್ಜಿ, ಆ ಟವೆಲನ್ನು ಮನೆಗೆ ತಂದು, ಅಲರ್ಜಿ ಇರುವವರ ಹತ್ತಿರ ಇಟ್ಟು ನೋಡಿ. ಉಬ್ಬಸದ ಇತಿಹಾಸ ಇರುವವರು ಇದನ್ನೂ ವೈದ್ಯರ ಒಪ್ಪಿಗೆಯಿಲ್ಲದೆ ಮಾಡಬಾರದು. ಕಾನ್ರನ್ ಅವರು ಸಮುದ್ರದಾಚೆಗೆ ಮಾದರಿ ಕಳುಹಿಸಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ತೊಂದರೆ ಕಾಣದಿದ್ದರೆ ಅದೇ ನಾಯಿಯ ಜೊತೆ, ತೋಟದಲ್ಲಲ್ಲ, ಮುಚ್ಚಿದ ಕೋಣೆಯಲ್ಲಿ, ಬೇರೆ ಬೇರೆ ದಿನ ಒಂದೊಂದು ಗಂಟೆ ಕಳೆಯಿರಿ. ಆಶ್ರಯ ಕೇಂದ್ರದ ನಾಯಿಯಾದರೆ ಕೆಲವು ವಾರಗಳ ಮಟ್ಟಿಗೆ ತಾತ್ಕಾಲಿಕವಾಗಿ ಸಾಕಲು ಕೊಡುತ್ತಾರೆಯೇ ಎಂದು ವಿಚಾರಿಸಿ. ದುಡ್ಡು ಕೊಟ್ಟು ಕೊಳ್ಳುವುದಾದರೆ, ಒಗ್ಗದಿದ್ದಲ್ಲಿ ನಾಯಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂಬ ಮಾತನ್ನು ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ.