ಗೇರುಬೀಜದ ಬೆಲೆ ಯಾರು ಹೇಳುತ್ತಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರು ಆಕಾಶವಾಣಿಯವರು ನನಗೆ ಕೊಟ್ಟ ವಿಷಯ "ಜಾಗತಿಕ ಆರ್ಥಿಕತೆಯಲ್ಲಿ ಬದಲಾಗುತ್ತಿರುವ ಬಲಾಬಲ". ಇದನ್ನು ಕೇಳಿಯೇ ಕೆಲವರ ಕೈ ರೇಡಿಯೋದ ಗುಂಡಿಯತ್ತ ಹೋಗಿರಬಹುದು. ಸ್ವಲ್ಪ ತಡೆಯಿರಿ. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾ ಕೇಳುತ್ತಿರುವ ಅಕ್ಕಂದಿರು, ಕಾಯಿ ತುರಿಯುತ್ತಿರುವವರು, ಅಂಗಡಿ ಬಾಗಿಲು ತೆಗೆದು ಗಿರಾಕಿಗೆ ಕಾಯುತ್ತಿರುವವರು, ನಾನು ಮಾತಾಡುವುದು ನಿಮ್ಮ ಹತ್ತಿರ. ಅರ್ಥಶಾಸ್ತ್ರದ ಪಂಡಿತರಿಗೆ ಸೆಮಿನಾರುಗಳು ಬೇಕಾದಷ್ಟಿವೆ.

ನಾನು ಹೇಳುವುದು ಒಂದೇ ಮಾತು. ಯಾರು ಕೊಳ್ಳುತ್ತಾರೋ ಅವರ ಕೈ ಮೇಲೆ. ಇಷ್ಟು ನೆನಪಿಟ್ಟುಕೊಂಡರೆ ಪೇಪರಿನಲ್ಲಿ ಬರುವ ದೊಡ್ಡ ದೊಡ್ಡ ಸುದ್ದಿಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ.

1975ರಲ್ಲಿ ಆರು ಶ್ರೀಮಂತ ದೇಶಗಳ ನಾಯಕರು ಫ್ರಾನ್ಸಿನಲ್ಲಿ ಒಂದು ಕಡೆ ಸೇರಿದರು. ಅಮೆರಿಕ, ಬ್ರಿಟನ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಜಪಾನ್. ಮರುವರ್ಷ ಕೆನಡಾ ಸೇರಿತು, ಜಿ-7 ಆಯಿತು. ಲೋಕದ ದುಡ್ಡಿನ ವಿಚಾರವನ್ನು ಅವರವರೇ ಕೂತು ಮಾತಾಡಿಕೊಳ್ಳುತ್ತಿದ್ದರು. ಅದೇ 1975ರ ಜನವರಿಯಲ್ಲಿ ನಮ್ಮ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಗಿತ್ತು. ಸರಕು ಇಲ್ಲಿಂದ ಹೋಗುತ್ತಿತ್ತು, ಬೆಲೆ ಅಲ್ಲಿಂದ ಬರುತ್ತಿತ್ತು.

ಹೇಗೆ ಬರುತ್ತಿತ್ತು? ಗೇರುಬೀಜದ ಕಥೆ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಾರೆ. ನಿಮಗೆ ಹೊಸತು, ಅಲ್ವಾ?

ನಮ್ಮ ಕರಾವಳಿಯಿಂದ ಗೇರುಬೀಜ ಹೊರದೇಶಕ್ಕೆ ಹೋಗಲು ಶುರುವಾಗಿ ಸುಮಾರು ನೂರು ವರ್ಷ ಆಯಿತು. ಕಾರ್ಕಳದ ಕಡೆ ನನಗೆ ಪರಿಚಯದ ಒಬ್ಬರ ಬೀಜದ ಫ್ಯಾಕ್ಟರಿ ಇದೆ. ತಂದೆಯ ಕಾಲದ್ದು. ಒಳಗೆ ಹೋದರೆ ಸಾಲಾಗಿ ಕೂತ ಹೆಂಗಸರು, ಎಲ್ಲರದ್ದೂ ಎಣ್ಣೆ ಹಚ್ಚಿದ ಕೈ. ಗೇರುಸಿಪ್ಪೆಯ ರಸ ತಾಗಿದರೆ ಚರ್ಮ ಸುಟ್ಟು ಹೋಗುತ್ತದೆ, ಅದಕ್ಕೆ ಎಣ್ಣೆ. ಬೀಜ ಒಡೆದು, ಒಣಗಿಸಿ, ಒಳಗಿನ ಕೆಂಪು ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರೆ ಬೇರೆ ಮಾಡುತ್ತಾರೆ. ಒಂದು ಪೌಂಡಿಗೆ 300ರಿಂದ 320 ಬೀಜ ತೂಗಿದರೆ ಅದು ಡಬ್ಲ್ಯೂ 320. ಬರೀ 170, 180 ಬೀಜಕ್ಕೇ ಒಂದು ಪೌಂಡ್ ಆದರೆ ಅದು ಡಬ್ಲ್ಯೂ 180, ಬೀಜಗಳ ರಾಜ. ಪೌಂಡ್ ಯಾಕೆ ಅಂತ ಕೇಳಿದಿರಾ? ನಾವು ಕಿಲೋಗೆ ಬಂದು ಅರವತ್ತು ವರ್ಷ ದಾಟಿತು. ಆದರೆ ಕೊಳ್ಳುವವನು ಪೌಂಡಿನಲ್ಲಿ ತೂಗುತ್ತಿದ್ದ. ಅದಕ್ಕೇ ಗೇರುಬೀಜದ ಟಿನ್ನಿನ ಮೇಲೆ ಇವತ್ತಿಗೂ 11.34 ಕಿಲೋ ಎಂಬ ವಿಚಿತ್ರ ಲೆಕ್ಕ. ಅಂದರೆ 25 ಪೌಂಡ್. ಯಾರು ಕೊಳ್ಳುತ್ತಾರೋ ಅವರದೇ ತಕ್ಕಡಿ.

ಆಗಿನ ದೊಡ್ಡ ಗಿರಾಕಿಗಳು ಅಮೆರಿಕ ಮತ್ತು ಸೋವಿಯತ್ ರಷ್ಯಾ. ನಮ್ಮ ಪರಿಚಯದವರ ತಂದೆ ರಾತ್ರಿ ಆಫೀಸಿನಲ್ಲಿ ಟೆಲೆಕ್ಸ್, ಅಂದರೆ ದೂರದಿಂದ ಕಳಿಸಿದ ಸಂದೇಶ ತಾನೇ ಟೈಪಾಗಿ ಬರುವ ಯಂತ್ರದ ಎದುರು ಕೂತಿರುತ್ತಿದ್ದರಂತೆ. ನ್ಯೂಯಾರ್ಕಿನವನಿಗೆ ಹಗಲಾದಾಗ ನಮಗೆ ರಾತ್ರಿ ಅಲ್ವಾ? ಯಂತ್ರ ಟಕಟಕ ಅಂದರೆ ಬೆಲೆ ಬಂತು ಅಂತ ಲೆಕ್ಕ. ಚರ್ಚೆಗೆ ಜಾಗವೇ ಇರಲಿಲ್ಲ. ಬೇಕಾದರೆ ಕೊಡಿ, ಬೇಡವಾದರೆ ಬಿಡಿ. ಬಿಟ್ಟರೆ ಸಂಬಳಕ್ಕೆ ಏನು ಮಾಡುವುದು? ಹಡಗು ಅಲ್ಲಿಗೆ ಮುಟ್ಟಿದ ಮೇಲೆ ಇನ್ನೊಂದು ಟೆಲೆಕ್ಸ್: ಬೀಜದ ಬಣ್ಣ ಹಳದಿಯಾಗಿದೆ, ಇಷ್ಟು ಮುರಿದುಕೊಳ್ಳುತ್ತೇವೆ. ಅಲ್ಲಿಗೆ ಹೋಗಿ ಟಿನ್ ಬಿಚ್ಚಿ ನೋಡಲು ಆಗುತ್ತದಾ? "ಆಯ್ತು" ಅಂತ ಉತ್ತರ ಕಳಿಸಿ ಮನೆಗೆ ಹೋಗಿ ಮಲಗುತ್ತಿದ್ದರಂತೆ. ಒಳ್ಳೆ ಬೀಜವೆಲ್ಲ ಟಿನ್ನಿಗೆ ಹೋಗುತ್ತಿತ್ತು. ನಮ್ಮ ಮನೆಯ ಪಾಯಸಕ್ಕೆ ತುಂಡು.

ಈಗ ಅದೇ ಫ್ಯಾಕ್ಟರಿಯ ಮಾಲು ಎಲ್ಲಿಗೆ ಹೋಗುತ್ತದೆ ಗೊತ್ತಾ? ದೆಹಲಿಯ ಖಾರಿ ಬಾವ್ಲಿ ಪೇಟೆ, ಮುಂಬೈ, ಅಹಮದಾಬಾದ್. ಕಾಜು ಕತ್ಲಿಗೆ, ಹೋಟೆಲಿನ ಗ್ರೇವಿಗೆ, ಮದುವೆಯ ಡ್ರೈಫ್ರೂಟ್ ಡಬ್ಬಕ್ಕೆ. ಪ್ರಪಂಚದಲ್ಲಿ ಅತಿ ಹೆಚ್ಚು ಗೋಡಂಬಿ ತಿನ್ನುವವರು ಇವತ್ತು ನಾವೇ. ಹೋದ ಸಲ ಸಿಕ್ಕಿದಾಗ ಮಗ ಹೇಳಿದರು: "ಸರ್, ಅಪ್ಪ ನ್ಯೂಯಾರ್ಕಿನವನ ಟೆಲೆಕ್ಸಿಗೆ ಕಾಯ್ತಾ ಇದ್ರು. ಈಗ ಅವನೇ ವಾಟ್ಸಾಪಿನಲ್ಲಿ ಎರಡೆರಡು ಸಲ ಕೇಳ್ತಾನೆ. ದೀಪಾವಳಿ ಮುಗೀಲಿ, ಆಮೇಲೆ ನೋಡುವ ಅಂದೆ. ಎಂತ ಮಾಡುವುದು, ನಮ್ಮವರಿಗೇ ಸಾಕಾಗುವುದಿಲ್ಲ ಮಾರಾಯ್ರೆ!"

"ಆಮೇಲೆ ನೋಡುವ." ಈ ಮಾತು ಹೇಳುವ ತಾಕತ್ತಿಗೇ ಆರ್ಥಿಕ ಬಲ ಅನ್ನುವುದು.

2006ರಿಂದ ಗೋಡಂಬಿ ರಫ್ತಿನಲ್ಲಿ ವಿಯೆಟ್ನಾಂ ಒಂದನೇ ಸ್ಥಾನದಲ್ಲಿದೆ. ನಾವು ಹಿಂದೆ ಬಿದ್ದೆವು ಅಂತ ಸಭೆಗಳಲ್ಲಿ ಗೋಳಾಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಅವರು ನಮಗಿಂತ ಮೊದಲು ಯಂತ್ರ ಹಾಕಿದರು, ಗೆದ್ದರು, ಸರಿ. ಆದರೆ ಮಾರುವುದರಲ್ಲಿ ಒಂದನೆಯವರಾದರೆ ಬಲ ಬಂತು ಅಂತ ಯಾರು ಹೇಳಿದ್ದು? ನಾವೂ ವರ್ಷಗಟ್ಟಲೆ ಒಂದನೇ ಸ್ಥಾನದಲ್ಲಿದ್ದೆವು, ಆಗ ಟೆಲೆಕ್ಸಿಗೆ ಕಾಯುತ್ತಾ ಕೂತಿದ್ದವರು ಯಾರು?

ಗೇರುಬೀಜದಲ್ಲಿ ನಡೆದದ್ದೇ ಉಳಿದ ಕಡೆಯೂ ನಡೆದಿದೆ. ಬೇಗ ಬೇಗ ಹೇಳುತ್ತೇನೆ, ಗಡಿಯಾರ ಓಡುತ್ತಿದೆ.

1991ರಲ್ಲಿ ನಮ್ಮ ಹತ್ತಿರ ವಿದೇಶಿ ಹಣ ಮುಗಿಯುತ್ತಾ ಬಂದಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಅಡವಿಟ್ಟಿತು. 2009ರಲ್ಲಿ ಅದೇ ರಿಸರ್ವ್ ಬ್ಯಾಂಕ್ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡಿತು. ನಡುವೆ 2008ರಲ್ಲಿ ಟಾಟಾದವರು ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಕಾರು ಕಂಪನಿಗಳನ್ನು ಅಮೆರಿಕದ ಫೋರ್ಡ್‌ನಿಂದ ಕೊಂಡರು. ಚೀನಾದ ಕಥೆ ಇನ್ನೂ ದೊಡ್ಡದು: 2001ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ಸೇರಿತು, 2010ಕ್ಕೆ ಜಪಾನನ್ನು ಹಿಂದೆ ಹಾಕಿ ಎರಡನೇ ದೊಡ್ಡ ಆರ್ಥಿಕತೆಯಾಯಿತು. ಆಯಾ ದೇಶದ ಪೇಟೆಬೆಲೆಗೆ ಹೊಂದಿಸಿ ಲೆಕ್ಕ ಹಾಕಿದರೆ, 2000ದಲ್ಲಿ ಲೋಕದ ಉತ್ಪನ್ನದ ನೂರರಲ್ಲಿ 43 ಪಾಲು ನಮ್ಮಂಥ ದೇಶಗಳದ್ದು. ಈಗ 60ರ ಹತ್ತಿರ. ಇದೇನು ದಾನ ಬಂದದ್ದಲ್ಲ. ನಮ್ಮ ಜನ ಕೊಳ್ಳಲು ಶುರು ಮಾಡಿದರು, ಅಷ್ಟೇ.

ಹಾಗಾದರೆ ಎಲ್ಲ ಸರಿಯಾಯಿತಾ? ಇಲ್ಲ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಏಳು ಜನರಿಂದ ಆಗಲಿಲ್ಲ. ಭಾರತ, ಚೀನಾ ಕೂಡ ಇರುವ ಜಿ-20 ಗುಂಪಿನ ನಾಯಕರನ್ನು ಮೊದಲ ಸಲ ವಾಷಿಂಗ್ಟನ್ನಿಗೆ ಕರೆದರು. ಮೊದಲ ಪಂಕ್ತಿಯವರು ಉಂಡೆದ್ದ ಮೇಲೆ ಎಲೆ ತೆಗೆಯಲು ಕರೆದ ಹಾಗೆ. ಐಎಂಎಫ್‌ನಲ್ಲಿ ಇವತ್ತಿಗೂ ಅಮೆರಿಕದ ಮತ ನೂರಕ್ಕೆ 16ಕ್ಕಿಂತ ಜಾಸ್ತಿ. ದೊಡ್ಡ ತೀರ್ಮಾನಕ್ಕೆ 85 ಬೇಕು. ಅಂದರೆ ಅಮೆರಿಕ ಒಬ್ಬನೇ ಬೇಡ ಅಂದರೆ ಮುಗಿಯಿತು. 2022ರಲ್ಲಿ ಆರ್ಥಿಕತೆಯ ಗಾತ್ರದಲ್ಲಿ ನಾವು ಬ್ರಿಟನ್ನನ್ನು ದಾಟಿದೆವು ಅಂತ ಪಟಾಕಿ ಹೊಡೆದೆವು. ಆದರೂ ಐಎಂಎಫ್‌ನಲ್ಲಿ ಬ್ರಿಟನ್ನಿಗೆ ಸುಮಾರು 4 ಪಾಲು, ನಮಗೆ 3 ಕೂಡ ಇಲ್ಲ.

ಇನ್ನೊಂದು ವಿಷಯ. ನಮ್ಮ ಫ್ಯಾಕ್ಟರಿಗಳಿಗೆ ಊರಿನ ಬೀಜ ಸಾಲುವುದಿಲ್ಲ. ದೊಡ್ಡ ಪಾಲು ಆಫ್ರಿಕಾದಿಂದ ಬರುತ್ತದೆ. ಐವರಿ ಕೋಸ್ಟ್, ತಾಂಜಾನಿಯಾ. ಆ ಕಡೆಯ ರೈತನಿಗೆ ಬೆಲೆ ಹೇಳುವವರು ಯಾರು? ನಾವು ಮತ್ತು ವಿಯೆಟ್ನಾಂ! 1990ರ ದಶಕದಲ್ಲಿ ಮೊಜಾಂಬಿಕ್ ತನ್ನ ಕಚ್ಚಾ ಗೇರುಬೀಜದ ರಫ್ತು ತೆರಿಗೆ ಇಳಿಸಬೇಕು ಅಂತ ವಿಶ್ವಬ್ಯಾಂಕ್ ಒತ್ತಾಯ ಮಾಡಿತು. ಸಾಲ ಬೇಕಿತ್ತು, ಇಳಿಸಿದರು. ಬೀಜ ಭಾರತದ ಕಡೆಗೆ ಬಂತು. ಅವರ ಫ್ಯಾಕ್ಟರಿಗಳು ಬಾಗಿಲು ಹಾಕಿದವು, ಸಾವಿರಾರು ಜನರ ಕೆಲಸ ಹೋಯಿತು. ಅಲ್ಲೂ ಸಾಲಾಗಿ ಕೂತು ಬೀಜ ಒಡೆಯುತ್ತಿದ್ದ ಹೆಂಗಸರಿದ್ದರು. ನಮ್ಮ ಸಭೆಗಳಲ್ಲಿ ಈ ವಿಷಯ ಯಾರೂ ಎತ್ತುವುದಿಲ್ಲ. ಈಗ ಐವರಿ ಕೋಸ್ಟ್ ತನ್ನ ಬೀಜ ತಾನೇ ಒಡೆಯಲು ಶುರು ಮಾಡಿದೆ, ಅಲ್ಲಿನ ಸರ್ಕಾರ ಫ್ಯಾಕ್ಟರಿಗಳಿಗೆ ಸಹಾಯಧನ ಕೊಡುತ್ತಿದೆ. ನಮ್ಮವರು ಗೊಣಗುತ್ತಿದ್ದಾರೆ. ಗೊಣಗಲಿ ಬಿಡಿ.

ಡಾಲರಿನ ಬಗ್ಗೆ ಬರೆದುಕೊಂಡು ಬಂದದ್ದೆಲ್ಲ ಹಾಗೇ ಉಳಿಯಿತು. ಆಫ್ರಿಕಾದವನು ಮಾರುತ್ತಾನೆ, ಮಂಗಳೂರಿನವನು ಕೊಳ್ಳುತ್ತಾನೆ, ನಡುವೆ ಅಮೆರಿಕದವನ ಸುಳಿವೇ ಇಲ್ಲ. ಆದರೂ ಬಿಲ್ಲು ಡಾಲರಿನಲ್ಲಿ. ಯಾಕೆ ಅಂತ ಹೇಳಲು ಇನ್ನೊಂದು ಹದಿನೈದು ನಿಮಿಷ ಬೇಕು. ಆಕಾಶವಾಣಿಯವರು ಕರೆದರೆ ಬರುತ್ತೇನೆ. ನಮಸ್ಕಾರ.