ಕೊಡಪಾನ ತುಂಬುವಷ್ಟು ಹೊತ್ತಿನ ಸಿನಿಮಾ

ಫೋನಿನಲ್ಲಿ ಕಿರುಚಿತ್ರ ಮಾಡುವುದು ಹೇಗೆ ಅಂತ, ತೆಗೆದ ಶಾಟುಗಳನ್ನು ಒಂದೊಂದಾಗಿ ತೋರಿಸ್ತಾ ಹೇಳ್ತೇನೆ. ಇದು ಕಾಸರಗೋಡಿನ ಪೆರ್ಲ ಬದಿಯ ಒಂದು ಗುಡ್ಡದ ಬುಡ, ಬೆಳಗ್ಗೆ 7.30. ಆ ಕಪ್ಪು ಬಾಯಿ ಕಾಣ್ತದಲ್ಲ, ಅದೇ ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಪಿಕ್ಕಾಸಿನಲ್ಲಿ ಕೊರೆದದ್ದು. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ನೀರು ತಾನಾಗಿ ಹರಿದು ಹೊರಗೆ ಬರ್ತದೆ, ಪಂಪು ಬೇಡ, ಕರೆಂಟು ಬೇಡ. ಕಾಸರಗೋಡಿನವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ದೂರದಿಂದ ನೋಡುವವರಿಗೆ ಹೇಳಿದ್ದು. ಒಳಗೆ ಹೋಗಿ ಶೂಟ್ ಮಾಡುವ ಉಮೇದು ಮಾತ್ರ ಬೇಡ ಮಾರಾಯ್ರೇ, ಒಳಗೆ ಉಸಿರಾಡುವ ಗಾಳಿ ಕಡಿಮೆ ಇರ್ತದೆ. ಬಾಯಿಯ ಹತ್ತಿರ ನಿಂತ್ರೆ ಸಾಕು.

ಇವತ್ತಿನ ಕೆಲಸ 3 ನಿಮಿಷದ ಒಂದು ಕಿರುಚಿತ್ರ. ಸುರಂಗದ ಬಗ್ಗೆ ಅಲ್ಲ! ಹೊಸಬರು ಎಡವುವುದು ಇಲ್ಲಿಯೇ. "ಸುರಂಗದ ಬಗ್ಗೆ" ಅಂತ ಹೊರಟರೆ ಹತ್ತು ಚಂದದ ಶಾಟು, ಹಿಂದಿನಿಂದ ಒಂದು ಕೊಳಲು, ಕಡೆಗೆ "ಉಳಿಸಿ, ಬೆಳೆಸಿ" ಅಂತ ಅಕ್ಷರ. ಅದು ಕಥೆ ಅಲ್ಲ, ಕ್ಯಾಲೆಂಡರ್. ನಮ್ಮದರಲ್ಲಿ ಇರುವುದು ಒಬ್ಬರು ಅಕ್ಕ, ಒಂದು ಕೊಡಪಾನ, 8.20ರ ಬಸ್ಸು. ಏಪ್ರಿಲ್ ತಿಂಗಳು, ನೀರು ನೂಲಿನ ಹಾಗೆ ಬೀಳ್ತಾ ಉಂಟು. ತುಂಬ್ತದಾ? ಬಸ್ಸು ಸಿಗ್ತದಾ? ನೋಡುವವರ ತಲೆಗೆ ಈ ಪ್ರಶ್ನೆ ಹಾಕಬೇಕು, ಹಾಕಿ ಉತ್ತರವನ್ನು ಆದಷ್ಟು ತಡವಾಗಿ ಕೊಡಬೇಕು.

ಕಥೆ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಒಂದು ಹಾಳೆ ಸಾಕು. ಒಂದೊಂದು ದೃಶ್ಯಕ್ಕೆ ಒಂದೊಂದು ಸಾಲು ಬರೆಯಿರಿ. ಎರಡು ಸಾಲಿನ ನಡುವೆ ಯಾವ ಮಾತು ಕೂರ್ತದೆ ನೋಡಿ. "ಅಕ್ಕ ಬಂದರು, ಆಮೇಲೆ ಕೊಡಪಾನ ಇಟ್ಟರು, ಆಮೇಲೆ ಕಾದರು", ಇಷ್ಟೇ ಆದರೆ ಹರಿದು ಹಾಕಿ. "ಕೊಡಪಾನ ಇಟ್ಟರು, ಆದರೆ ದಂಬೆ (ನೀರು ಹಾಯಿಸುವ ಕೊಳವೆ) ಜಾರಿ ನೀರು ಹೊರಗೆ ಬಿತ್ತು, ಹಾಗಾಗಿ ಕೈಯಲ್ಲೇ ಹಿಡಿದು ನಿಂತರು, ಆದರೆ ಅಷ್ಟರಲ್ಲಿ ನೆರೆಮನೆ ಅಜ್ಜಿ ಖಾಲಿ ಬಿಂದಿಗೆ ಹಿಡ್ಕೊಂಡು ಬಂದರು." ಈಗ ಕಥೆ ನಡೀಲಿಕ್ಕೆ ಶುರುವಾಯ್ತು. ಈ ಹಾಳೆ ಬರೀಲಿಕ್ಕೆ ಅರ್ಧ ಗಂಟೆ ಬೇಕು, ಉಳಿಸುವುದು ಎರಡು ದಿನದ ಎಡಿಟಿಂಗು.

ಮೊದಲ ಶಾಟಿನಲ್ಲಿ ಹೆಸರು ಬೇಡ, ಲೋಗೊ ಬೇಡ, ಸೂರ್ಯೋದಯ ಖಂಡಿತ ಬೇಡ. ಡ್ರೋನ್ ಮನೆಯಲ್ಲೇ ಮಲಗಿರಲಿ. ಖಾಲಿ ಕೊಡಪಾನದ ತಳಕ್ಕೆ ಹನಿ ಬೀಳ್ತದೆ, ಟಣ್. ಮರುಕ್ಷಣ ಅಕ್ಕನ ಕೈಗಡಿಯಾರ. ಎರಡು ಶಾಟು, 7 ಸೆಕೆಂಡು, ಪ್ರಶ್ನೆ ಕೂತಾಯ್ತು.

ಯಕ್ಷಗಾನದಲ್ಲಾದರೆ ಇಡೀ ರಾತ್ರಿ ಉಂಟು, ಒಡ್ಡೋಲಗಕ್ಕೇ, ಅಂದ್ರೆ ಪಾತ್ರದ ಪ್ರವೇಶಕ್ಕೇ, ಬೇಕಾದಷ್ಟು ಹೊತ್ತು ಕೊಡಬಹುದು. ಆದರೂ ಅಲ್ಲಿಂದ ಕಲಿಯುವುದು ಉಂಟು. ನಮ್ಮ ಕಡೆಯ ತೆಂಕುತಿಟ್ಟು ಶೈಲಿಯ ಬಣ್ಣದ ವೇಷ, ಅಂದ್ರೆ ರಾಕ್ಷಸ ಪಾತ್ರ, ಮೊದಲು ಮುಖ ತೋರಿಸ್ತದಾ? ಇಲ್ಲ. ಇಬ್ಬರು ತೆರೆ ಹಿಡೀತಾರೆ, ಹಿಂದಿನಿಂದ ಆರ್ಭಟೆ ಕೇಳ್ತದೆ, ಕಿರೀಟದ ತುದಿ ಮಾತ್ರ ಕಾಣ್ತದೆ. ತೂಕಡಿಸ್ತಿದ್ದ ಮಕ್ಕಳೂ ಎದ್ದು ಕೂರ್ತಾರೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಬದಿಯಲ್ಲಿ ಇರುವಾಗ ಅಡಗಿಸಿ ತೋರಿಸುವುದನ್ನು ಕಲೀಲಿಕ್ಕೆ ನಾವು ಎಲ್ಲಿಗೋ ಹೋಗಬೇಕಾಗಿಲ್ಲ. ಬಣ್ಣ ಹಚ್ಚುವ ಚೌಕಿಯಲ್ಲಿ ವೇಷದ ಮುಖಕ್ಕೆ ಆ ಚಿಟ್ಟಿ ಇಡುವುದು ಉಂಟಲ್ಲ, ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಒಂದೊಂದೇ ಮುಳ್ಳು... ಅಯ್ಯೋ, ಶಾಟ್ ಮುಗೀತು. ಮುಂದಿನದ್ದು.

ಲೆಕ್ಕ ಹೀಗೆ. 3 ನಿಮಿಷ ಅಂದ್ರೆ 180 ಸೆಕೆಂಡು. ಒಂದು ಶಾಟಿಗೆ ಸರಾಸರಿ 5 ಸೆಕೆಂಡು ಹಿಡಿದರೂ 36 ಶಾಟು ಬೇಕು. ಪರದೆಯಲ್ಲಿ 5 ಸೆಕೆಂಡು ಬರುವುದಾದರೂ 11 ಸೆಕೆಂಡಿಗಿಂತ ಕಡಿಮೆ ತೆಗೀಬೇಡಿ. ಕೆಲಸ ಶುರುವಾಗುವ ಮೊದಲು 3, ಮುಗಿದ ಮೇಲೆ 3 ಸೆಕೆಂಡು ಸುಮ್ಮನೆ ಓಡಲಿ, ಕತ್ತರಿಸ್ಲಿಕ್ಕೆ ಬಾಲ ಬೇಕಾಗ್ತದೆ. ಒಂದೊಂದು ಕೆಲಸಕ್ಕೂ ಕೈ, ಮುಖ, ಭುಜದ ಹಿಂದಿನಿಂದ ಕಾಣುವ ನೋಟ, ದೂರದ್ದು, ಇಷ್ಟು ಇದ್ದರೆ ಎಡಿಟಿಂಗಿನಲ್ಲಿ ಪರದಾಟ ಇಲ್ಲ. ಅಕ್ಕನಿಗೂ ದಂಬೆಗೂ ನಡುವೆ ನೆಲದಲ್ಲಿ ಒಂದು ಗೆರೆ ಎಳೆದ ಹಾಗೆ ಎಣಿಸಿಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಬೇಕು. ದಾಟಿದ್ರೆ ಈಗ ಬಲಕ್ಕೆ ನೋಡ್ತಿದ್ದ ಅಕ್ಕ ಮುಂದಿನ ಶಾಟಿನಲ್ಲಿ ಎಡಕ್ಕೆ ನೋಡ್ತಾರೆ, ನೀರಿಗೇ ಬೆನ್ನು ಹಾಕಿ ಕೂತ ಹಾಗೆ ಕಾಣ್ತದೆ.

ಬೆಳಕು. ಸುರಂಗದ ಬಾಯಿ ಕತ್ತಲೆ, ಹೊರಗೆ ಬಿಸಿಲು. ಫೋನು ತನ್ನಷ್ಟಕ್ಕೇ ಒಮ್ಮೆ ಬೆಳಗಿಸ್ತದೆ, ಒಮ್ಮೆ ಮಂಕು ಮಾಡ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಇಳಿಸಿ. ಕಪ್ಪು ಕಂಡ ಬದಿಗೆ ಒಂದು ಬಿಳಿ ಮುಂಡು ಹಿಡಿದರೆ ಸಾಕು, ರಿಫ್ಲೆಕ್ಟರ್ ಕೊಳ್ಳುವ ದುಡ್ಡಿನಲ್ಲಿ ತಂಡಕ್ಕೆಲ್ಲ ಚಾ, ಗೋಳಿಬಜೆ ಬರ್ತದೆ. ಮನೆಯೊಳಗಿನ ಶಾಟಿಗೆ ಶಟರ್, ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್, 1/60ರಲ್ಲಿ ತೆಗೆದರೆ ಕೆಲವು ಬಲ್ಬಿನ ಅಡಿಯಲ್ಲಿ ಪರದೆ ಮೇಲೆ ಪಟ್ಟೆ ಓಡ್ತದೆ.

ಅಕ್ಕನಿಗೆ ನಟನೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಅದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದ. ಮುಖ ಬದಲಾಗ್ಲಿಲ್ಲ, ಆದರೂ ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ. ಹಾಗಾಗಿ ಅಕ್ಕನಿಗೆ "ಚಿಂತೆ ಮಾಡಿ" ಅಂತ ಹೇಳಬೇಡಿ. ದೂರದ ಒಂದು ಮರ ತೋರಿಸಿ "ಇದನ್ನು ನೋಡ್ತಾ ಇರಿ ಅಕ್ಕ" ಅನ್ನಿ. ಮುಂದಿನ ಶಾಟಿನಲ್ಲಿ ಬಸ್ಸು ಇಟ್ಟರೆ ಚಿಂತೆ ತಾನಾಗಿ ಬರ್ತದೆ.

ಈಗ ಈ ಶಾಟ್ ನೋಡಿ. ನೀರು ಬೀಳುವುದು ಕಾಣ್ತದಲ್ಲ? ಕೇಳ್ತದಾ? ಇಲ್ಲ! ವಾಲ್ಯೂಮ್ ಜಾಸ್ತಿ ಮಾಡಬೇಡಿ, ಅದರಲ್ಲಿ ಇಲ್ಲವೇ ಇಲ್ಲ. ನೀರಿನ ಸಿನಿಮಾದಲ್ಲಿ ನೀರಿಗೇ ಶಬ್ದ ಇಲ್ಲ. 11 ಶಾಟು ಹೀಗೆಯೇ ಹೋದದ್ದು. ಈ ಸಣ್ಣ ವೈರ್‌ಲೆಸ್ ಮೈಕಿನ ಮೇಲೆ ಗದ್ದಲ ತೆಗೆಯುವ ಒಂದು ಬಟನ್ ಉಂಟು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಸೆರಗಿಗೆ ಸಿಕ್ಕಿಸುವಾಗ ಹೆಬ್ಬೆರಳು ತಾಗಿದರೆ ಆನ್. ಹಸಿರು ದೀಪ ಒಂದು ಹತ್ತಿಕೊಳ್ತದೆ, ಅದೂ ಸೆರಗಿನ ಅಡಿಯಲ್ಲಿ. ಹಾಗೆ ಆನ್ ಆದ ಯಂತ್ರ ಏನು ಮಾಡ್ತದೆ ಅಂದ್ರೆ, ಏರಿಳಿತ ಇಲ್ಲದೆ ಒಂದೇ ಸಮ ಬರುವ ಶಬ್ದ ಯಾವುದು ಅಂತ ಹುಡುಕಿ ಅದನ್ನು ಒರೆಸಿ ಹಾಕ್ತದೆ. ಫ್ಯಾನಿಗೆ ಒಳ್ಳೆಯದು. ಆದರೆ ಸುರಂಗದ ನೀರೂ ಒಂದೇ ಸಮ ಬೀಳುವುದಲ್ಲವಾ? ಅದಕ್ಕೆ ಎರಡರ ವ್ಯತ್ಯಾಸ ಎಂತ ಗೊತ್ತು! ನೀರೂ ಹೋಯ್ತು, ಜೀರುಂಡೆಯೂ ಹೋಯ್ತು, ಅಕ್ಕನ ಮಾತು ಪೈಪಿನೊಳಗಿಂದ ಬಂದ ಹಾಗೆ ಆಯ್ತು. ರೆಕಾರ್ಡ್ ಆಗದ್ದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ. ಅಂಗಡಿಯವರು ಇದೇ ಬಟನ್ ತೋರಿಸಿ "ಬೆಸ್ಟ್ ಫೀಚರ್" ಅಂತ ಮಾರ್ತಾರೆ. ಬೆಸ್ಟ್ ಅಂತೆ! ವಯರಿನ ಇಯರ್‌ಫೋನ್ ಹಾಕಿ ಕೇಳ್ತಾ ಶೂಟ್ ಮಾಡಿದ್ರೆ ಮೊದಲ ಶಾಟಿನಲ್ಲೇ ಗೊತ್ತಾಗ್ತದೆ. ಬ್ಲೂಟೂತ್ ಬೇಡ, ಅದರಲ್ಲಿ ಶಬ್ದ ತಡವಾಗಿ ಬರ್ತದೆ.

ಸರಿಪಡಿಸುವ ದಾರಿ, ನೀರನ್ನು ಬೇರೆಯಾಗಿ ರೆಕಾರ್ಡ್ ಮಾಡುವುದು. ಫೋನನ್ನು ಕೊಡಪಾನದ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಮೇಲೆ ಹಿಡಿದ್ರೆ ಹನಿ ಹಾರ್ತದೆ. ಖಾಲಿ ಇರುವಾಗ ಒಂದು ನಿಮಿಷ, ಅರ್ಧ ಆದಾಗ ಒಂದು ನಿಮಿಷ, ತುಂಬ್ತಾ ಬಂದಾಗ ಒಂದು ನಿಮಿಷ. ರೆಕಾರ್ಡಿಂಗಿನಲ್ಲಿ ಶಬ್ದದ ಮಟ್ಟ ತೋರಿಸುವ ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ. ಯಾರೂ ಮಾತಾಡದೆ ತೋಟದ ಶಬ್ದವನ್ನೂ ಒಂದು ನಿಮಿಷ ಹಿಡಿದಿಡಿ. ಜೀರುಂಡೆ ಹೇಳದೆ ಕೇಳದೆ ನಿಲ್ಲಿಸ್ತದೆ, ಆ ಜಾಗದಲ್ಲಿ ಶಾಟ್ ಜೋಡಿಸಿದ್ರೆ ಕಿವಿಗೆ ಹೊಡೀತದೆ. ಈ ಒಂದು ನಿಮಿಷವನ್ನು ಅಡಿಗೆ ಹಾಸಿದ್ರೆ ಮುಚ್ಚಿ ಹೋಗ್ತದೆ.

ಆ ಮೂರು ತುಂಡು ಒಟ್ಟಿಗೆ ಕೇಳಿಸ್ತೇನೆ, ತಾಳಿ. ಕೇಳಿದ್ರಾ? ಟಣ್ ಅಂತ ಶುರುವಾಗಿ, ಬೊಳಬೊಳ ಆಗಿ, ಸ್ವರ ಮೇಲೆ ಮೇಲೆ ಹೋಗ್ತದೆ. ನೀರು ಏರಿದಷ್ಟೂ ಒಳಗಿನ ಗಾಳಿಯ ಕಂಬ ಗಿಡ್ಡ ಆಗ್ತದೆ, ಕಂಬ ಗಿಡ್ಡ ಆದಷ್ಟೂ ಸ್ವರ ಹೆಚ್ಚು. ಕಣ್ಣು ಮುಚ್ಚಿದ್ರೂ ಎಷ್ಟು ತುಂಬಿತು ಅಂತ ಗೊತ್ತಾಗ್ತದೆ. ಹಾಗಾದ್ರೆ ಕೊಡಪಾನವನ್ನು ಮತ್ತೆ ಮತ್ತೆ ತೋರಿಸುವುದು ಯಾಕೆ? ಅಕ್ಕನ ಮುಖ ತೋರಿಸಿ, ಅಜ್ಜಿಯ ಕಾಲು ತೋರಿಸಿ, ರಸ್ತೆ ತೋರಿಸಿ, ಅಡಿಯಲ್ಲಿ ಈ ಶಬ್ದ ಏರ್ತಾ ಇರಲಿ. ಕೊಳಲು ಕಿತ್ತು ಹಾಕಿದೆ, ಸಂಗೀತವೇ ಬೇಡ. ಮೈಕಿನ ಆ ಹಸಿರು ದೀಪ ಕೈಕೊಟ್ಟದ್ದಕ್ಕೇ ಈ ಶಬ್ದ ಸಿಕ್ಕಿದ್ದು, ಅದಕ್ಕೆ ಬೈದದ್ದು ಸ್ವಲ್ಪ ಜಾಸ್ತಿಯೇ ಆಯ್ತು ಅಂತ ಕಾಣ್ತದೆ.

ಡ್ರೋನ್ ಬೇಡ ಅಂದಿದ್ದೆ ಅಲ್ವಾ? ಒಂದು ಇರಲಿ. ಬಸ್ಸು ಇನ್ನೂ ಎಷ್ಟು ತಿರುವು ದೂರ ಉಂಟು ಅಂತ ತೋರಿಸ್ಲಿಕ್ಕೆ. ಗುಡ್ಡದ ನೆತ್ತಿಗೆ ಹತ್ತಿ ತೆಗೆದರೂ ನಡೀತದೆ.

ಮಾತು. ಅಜ್ಜಿ ತುಳುವಿನಲ್ಲಿ ಕೇಳ್ತಾರೆ, ಅಕ್ಕ ಕನ್ನಡದಲ್ಲಿ ಉತ್ತರ ಕೊಡ್ತಾರೆ, ಕಂಡಕ್ಟರ್ ಮಲಯಾಳದಲ್ಲಿ ಕೂಗ್ತಾರೆ. ಊರಲ್ಲಿ ಹೇಗೋ ಹಾಗೆಯೇ ಬಿಡಿ, ಎಲ್ಲರ ಬಾಯಿಗೂ ಪುಸ್ತಕದ ಕನ್ನಡ ತುರುಕಿದ್ರೆ ಸ್ಕೂಲ್ ಡೇ ನಾಟಕ ಆಗ್ತದೆ. ಕೆಳಗೆ ಸಬ್‌ಟೈಟಲ್ ಹಾಕಿ, ಎರಡು ಸಾಲಿಗಿಂತ ಹೆಚ್ಚು ಬೇಡ, 2 ಸೆಕೆಂಡಿಗಿಂತ ಕಡಿಮೆ ನಿಲ್ಲಿಸಬೇಡಿ. ಕೆಲವು ಎಡಿಟಿಂಗ್ ಆ್ಯಪಿನಲ್ಲಿ ಕನ್ನಡದ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರ್ತದೆ, "ಅಕ್ಕ" ಬರೆದದ್ದು ಎರಡು ತುಂಡು. ಅಂಥದ್ದರಲ್ಲಿ ಅಕ್ಷರವನ್ನು ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಮೇಲೆ ಇಡುವುದೇ ದಾರಿ. ಬೇಜಾರಿನ ಕೆಲಸ.

ಕೊನೆ ಹೇಗೆ? ಅಕ್ಕ ತನ್ನ ಮುಕ್ಕಾಲು ಕೊಡಪಾನ ಸರಿಸಿ ಅಜ್ಜಿಯ ಬಿಂದಿಗೆ ಇಡ್ತಾರೆ. ಮತ್ತೆ ಟಣ್. ಅಲ್ಲಿಗೇ ಕಪ್ಪು ಮಾಡುವ ಅಂತ ಬೆಳಗ್ಗೆ ಎಣಿಸಿದ್ದು. ಈಗ ಅದು ಮೋಸ ಅನ್ನಿಸ್ತದೆ. ಬಸ್ಸಿನ ಪ್ರಶ್ನೆ ಎತ್ತಿದವರು ನಾವೇ, ಉತ್ತರ ಕೊಡದೆ ಓಡಿ ಹೋದರೆ ನೋಡಿದವರು ಬೈತಾರೆ. ಹಾಗಾಗಿ ಇನ್ನೊಂದು ಶಾಟು, ಬಸ್ಸಿನ ಹಿಂಭಾಗ, ಧೂಳು, ಹತ್ತಿದರಾ ಇಲ್ಲವಾ ಅಂತ ಕಾಣುವಷ್ಟು ಹೊತ್ತು.

ಓ, ಅದೇ ಈ ಶಾಟು. ಅಕ್ಕ ಓಡಿದ್ದು ಚಂದ ಬಂದಿದೆ, ಆದರೆ ಫೋಕಸ್ ಹಿಂದಿನ ಅಡಕೆ ಮರಕ್ಕೆ ಹೋಗಿ ಕೂತಿದೆ. ಬಸ್ಸು ನಿಜದ್ದು, ನಮಗೋಸ್ಕರ ಹಿಂದೆ ಬರುವುದಿಲ್ಲ. ಇನ್ನು ನಾಳೆ 8.20ಕ್ಕೇ.