ಮಳೆಗೆ ಮೊದಲು ಜೆಸಿಬಿ ಬಕೆಟ್‌ಗೆ ಹೊಸ ಪಟ್ಟಿ

ಮೊದಲು ಈ ಮೂಲೆ ನೋಡಿ. ಕ್ಯಾಮೆರಾ ಇನ್ನೂ ಹತ್ತಿರ ತರುತ್ತೇನೆ. ಬಕೆಟ್‌ನ ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದ ಈ ಉಕ್ಕಿನ ಪಟ್ಟಿ ನಡುವೆ ಇನ್ನೂ ನಾಲ್ಕು ಬೆರಳು ಉಳಿದಿದೆ. ಆದರೆ ಮೂಲೆಯಲ್ಲಿ ಸವೆದು ಸವೆದು ಬೋಲ್ಟಿನ ತಲೆಯವರೆಗೂ ಬಂದುಬಿಟ್ಟಿದೆ. ಇನ್ನು ಹದಿನೈದು ದಿನ ಹೀಗೇ ಓಡಿಸಿದರೆ ಬಕೆಟ್‌ನ ಸ್ವಂತ ತುಟಿಯೇ ಸವೆಯಲು ಶುರುವಾಗುತ್ತದೆ. ಪಟ್ಟಿ ಇರುವುದೇ ಬಕೆಟ್ ಬದಲು ತಾನು ಸವೆಯಲಿ ಅಂತ. ಅದಕ್ಕೇ ಇವತ್ತು ಬದಲಾಯಿಸುತ್ತಿದ್ದೇನೆ.

ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ. ಮಳೆ ಹಿಡಿಯಿತು ಅಂದರೆ ಧರೆ ಜರಿಯುವುದೂ ಶುರು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆಗಿದ್ದು ನಿಮಗೂ ನೆನಪಿರಬಹುದು. ಹೆದ್ದಾರಿಯ ಮಣ್ಣು ತೆಗೆಯಲು ಸರ್ಕಾರ ಇದೆ. ತೋಟದ ಒಳಗಿನ ದಾರಿಗೆ, ಕೆಲಸದವರ ಲೈನ್ ಮನೆಗಳಿಗೆ ಹೋಗುವ ದಾರಿಗೆ ಯಾರು ಬರುತ್ತಾರೆ? ರಾತ್ರಿ ಯಾರಿಗಾದರೂ ಹುಷಾರಿಲ್ಲ ಅಂದರೆ, ಜೀಪು ದಾಟುವಷ್ಟಾದರೂ ದಾರಿ ಬಿಡಿಸಬೇಕಲ್ವಾ. ಮೊಂಡು ಪಟ್ಟಿಯ ಬಕೆಟ್ ಒದ್ದೆ ಮಣ್ಣಿನ ಮೇಲೆ ಜಾರುತ್ತದೆ, ಕೆರೆಯುವುದಿಲ್ಲ.

ಯಾವ ಪಟ್ಟಿ ತರಬೇಕು ಅಂತ ಯೋಚಿಸುವಾಗ ಹಿಮ ತೆಗೆಯುವ ಲಾರಿಗಳ ಬಗ್ಗೆ ಓದಿದೆ. ಲಾರಿಯ ಮುಂದೆ ಅಗಲವಾದ ಬಾಗಿದ ಹಲಗೆ, ಅದರ ಬುಡದಲ್ಲಿ ಬೋಲ್ಟ್ ಹಾಕಿ ಕೂರಿಸಿದ ಪಟ್ಟಿ. ನಮ್ಮದರ ಅಣ್ಣತಮ್ಮಂದಿರ ಹಾಗೇ ಇದೆ! ಅಲ್ಲಿ ಡಾಂಬರಿನ ಮೇಲೆ ಮೈಲಿಗಟ್ಟಲೆ ಉಜ್ಜಿಕೊಂಡು ಹೋಗಬೇಕು. ಅದಕ್ಕೆ ಕೆಲವರು ಉಕ್ಕಿಗಿಂತ ತುಂಬಾ ಗಡಸಾದ ಟಂಗ್‌ಸ್ಟನ್ ಕಾರ್ಬೈಡ್ ತುಂಡು ಕೂರಿಸಿದ ಪಟ್ಟಿ ಹಾಕುತ್ತಾರೆ. ನೆಲಕ್ಕೆ ಗೀರು ಬೀಳಬಾರದು ಅಂದರೆ ರಬ್ಬರ್ ಅಥವಾ ರಬ್ಬರ್‌ನಂಥದೇ ಪ್ಲಾಸ್ಟಿಕ್ ಆದ ಪಾಲಿಯುರೆಥೇನ್. ಉಳಿದ ಕಡೆ ಹೈ ಕಾರ್ಬನ್ ಉಕ್ಕು.

ಇದರಲ್ಲಿ ನಮಗೆ ಯಾವುದು ಹೊಂದುತ್ತದೆ? ರಬ್ಬರ್ ಆಗುವುದೇ ಇಲ್ಲ, ಜೇಡಿಗೆ ಅದು ಕಚ್ಚುವುದಿಲ್ಲ. ಕಾರ್ಬೈಡ್ ಸವೆಯುವುದು ತುಂಬಾ ನಿಧಾನ, ಸರಿ. ಆದರೆ ಅದು ಪೆಡಸು. ನಮ್ಮ ಕೆಂಪು ಮಣ್ಣಿನೊಳಗೆ ಕುರಿಮರಿ ಗಾತ್ರದ ಕಲ್ಲುಗಳು ಅಡಗಿರುತ್ತವೆ. ಬಕೆಟ್ ನುಗ್ಗಿಸಿದಾಗ ಒಂದಕ್ಕೆ ಸರಿಯಾಗಿ ತಾಗಿದರೆ ಚೂರು ಎದ್ದುಹೋಗುತ್ತದೆ. ಸವೆತ ತಡೆಯುವುದು ಬೇರೆ, ಪೆಟ್ಟು ತಡೆಯುವುದು ಬೇರೆ. ನಮಗೆ ಎರಡೂ ಬೇಕು.

ಹಾಗಾಗಿ ನಾನು ಕೇಳಿದ್ದು 400 ಬ್ರಿನೆಲ್ ಆಸುಪಾಸಿನ ಗಡಸು ಪ್ಲೇಟು. ಬ್ರಿನೆಲ್ ಅಂದರೆ ಗಡಸುತನದ ಅಳತೆ. ಸ್ವೀಡನ್ನಿನ ಗಡಸು ಉಕ್ಕಿನ ಬ್ರ್ಯಾಂಡ್ ಹಾರ್ಡಾಕ್ಸ್ ಹೆಸರು ಕೇಳಿರುತ್ತೀರಿ, ಅದರಲ್ಲಿ 400 ಅಂತಲೇ ಒಂದು ದರ್ಜೆ ಇದೆ, 500 ಅಂತ ಇನ್ನೊಂದು. 500 ಜಾಸ್ತಿ ಬಾಳುತ್ತದೆ ಅಂತ ಎಲ್ಲರೂ ಅದನ್ನೇ ಕೇಳುತ್ತಾರೆ. ಬರೀ ಮರಳು, ಜಲ್ಲಿ ತುಂಬುವವರು ಖಂಡಿತ ಅದನ್ನೇ ಹಾಕಲಿ. ಕಲ್ಲಿನ ಪೆಟ್ಟು ತಿನ್ನುವ ಬಕೆಟ್‌ಗೆ ನನ್ನ ಮಟ್ಟಿಗೆ 400 ಸಾಕು. ಮಾಮೂಲಿ ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಪ್ಲೇಟಿನ ಮೂರು ಪಟ್ಟು ಗಡಸು ಅದು.

ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ 'ಗಡಸು ಪ್ಲೇಟೇ ಸಾರ್' ಅಂತ ಕೊಟ್ಟರು. ನಂಬಿ ತಂದೆ. ಒಂದೇ ಮಳೆಗಾಲಕ್ಕೆ ಬೆಣ್ಣೆಯ ಹಾಗೆ ಕರಗಿತು. ತುಂಬಾ ಬೇಜಾರಾಯಿತು. ಆಮೇಲೆ ನಮ್ಮೂರಿನ ಹಿರಿಯ ವೆಲ್ಡರ್ ಒಬ್ಬರು ಒಂದು ಪರೀಕ್ಷೆ ಹೇಳಿಕೊಟ್ಟರು. ಕಬ್ಬಿಣ ಉಜ್ಜುವ ಒಂದು ಅರ ತೆಗೆದುಕೊಂಡು ಪಟ್ಟಿಯ ಅಂಚಿಗೆ ಉಜ್ಜಿ. ಈ ಶಬ್ದ ಕೇಳಿ, ಇದು ಎಂಎಸ್. ಅರ ಕಚ್ಚುತ್ತಿದೆ, ಪುಡಿ ಉದುರುತ್ತಿದೆ. ಈಗ ಹೊಸ ಪಟ್ಟಿ. ಕೇಳಿಸಿತಾ? ಕಚ್ಚಲು ಒದ್ದಾಡುತ್ತಿದೆ. ಗ್ಯಾಸ್‌ನಲ್ಲಿ ಕತ್ತರಿಸಿದ ಜಾಗದಲ್ಲಿ ಮಾತ್ರ ಉಜ್ಜಬೇಡಿ, ಅಲ್ಲಿ ಗಡಸುತನ ಬದಲಾಗಿರುತ್ತದೆ.

ಇನ್ನು ಅಳತೆ. ಉದ್ದ ಒಂದನ್ನೇ ಬರೆದುಕೊಂಡು ಹೋಗಬೇಡಿ. ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ ಎಷ್ಟು, ಪ್ರತಿಯೊಂದನ್ನೂ ಅಳೆಯಿರಿ. ಎಲ್ಲ ಒಂದೇ ಸಮ ಇರುತ್ತದೆ ಅಂದುಕೊಳ್ಳಬೇಡಿ. ನಾನು ಹಳೇ ಪಟ್ಟಿಯ ಮೇಲೆ ರಟ್ಟು ಇಟ್ಟು ತೂತುಗಳ ಗುರುತು ಹಾಕಿಕೊಂಡೆ. ಗ್ಯಾಸ್‌ನಲ್ಲಿ ತೂತು ಹೊಡೆಸಬೇಡಿ, ಡ್ರಿಲ್ ಮಾಡಿಸಿ. ಈ ಉಕ್ಕು 250 ಡಿಗ್ರಿ ದಾಟಿ ಬಿಸಿಯಾದರೆ ಗಡಸುತನ ಕಳೆದುಕೊಳ್ಳುತ್ತದೆ.

ಈ ಪಟ್ಟಿ ಎರಡೂ ಕಡೆ ಚೂಪು. ತೂತುಗಳು ಸರಿಯಾಗಿ ನಡುವೆ ಇವೆ. ಒಂದು ಕಡೆ ಸವೆದರೆ ಬಿಚ್ಚಿ ತಿರುಗಿಸಿ ಹಾಕಬಹುದು. 2.2 ಮೀಟರ್ ಉದ್ದ, 150 ಮಿಲಿಮೀಟರ್ ಅಗಲ, 16 ಮಿಲಿಮೀಟರ್ ದಪ್ಪ. ಲೆಕ್ಕ ಹಾಕಿದರೆ 41 ಕಿಲೋ ತೂಗುತ್ತದೆ. 20 ಮಿಲಿಮೀಟರ್ ತಂದಿದ್ದರೆ ಇನ್ನೂ 10 ಕಿಲೋ ಜಾಸ್ತಿ, ಬೋಲ್ಟೂ ಉದ್ದ ಬೇಕು.

ಬೆಸುಗೆ ಹಾಕಿಬಿಡಿ ಅಂತ ಹೇಳುವವರು ತುಂಬಾ ಜನ. ಹಿಂದೆ ನಾನೂ ಹಾಕಿಸಿದ್ದೆ. ಮಳೆ ದಿನ, ತೇವ ಹೀರಿದ ರಾಡು, ಪ್ಲೇಟು ಬಿಸಿ ಮಾಡದೆ ಹಾಗೇ ಹೊಡೆದರು. ಮೂರನೇ ದಿನ ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು. ಒಣಗಿಸಿದ 7018 ನಂಬರಿನ ವೆಲ್ಡಿಂಗ್ ರಾಡು, ಮೊದಲೇ ಹದವಾದ ಬಿಸಿ, ಆಮೇಲೆ ನಿಧಾನಕ್ಕೆ ಆರಲು ಬಿಡುವುದು, ಇಷ್ಟೂ ಆಗುತ್ತದೆ ಅಂದರೆ ಮಾತ್ರ ಬೆಸುಗೆ. ನನಗೆ ಬೋಲ್ಟೇ ವಾಸಿ.

ಬಿಚ್ಚುವ ಮೊದಲು ಒಂದು ವಿಷಯ, ದಯವಿಟ್ಟು ಗಮನ ಕೊಡಿ. ಬಕೆಟ್ ಎತ್ತಿ ಹೈಡ್ರಾಲಿಕ್ ನಂಬಿ ಅಡಿಗೆ ಕೈ ಹಾಕಬೇಡಿ. ಒಂದು ಪೈಪ್ ಒಡೆದರೆ ಮುಗಿಯಿತು. ನೋಡಿ, ಎರಡೂ ಕಡೆ ದಪ್ಪ ಮರದ ದಿಮ್ಮಿ ಕೊಟ್ಟಿದ್ದೇನೆ. ಇಂಜಿನ್ ಆಫ್, ಕೀಲಿ ನನ್ನ ಜೇಬಿನಲ್ಲಿದೆ.

ಹಳೇ ನಟ್‌ಗಳಿಗೆ ನಿನ್ನೆ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಆರು ಬಂದವು, ಎರಡನ್ನು ಗ್ರೈಂಡರ್‌ನಲ್ಲಿ ಕತ್ತರಿಸಬೇಕಾಯಿತು. ಬೋಲ್ಟುಗಳೆಲ್ಲ ಹೊಸವು. ತಲೆ ತೂತಿನೊಳಗೆ ಪೂರ್ತಿ ಇಳಿಯಬೇಕು, ಹೊರಗೆ ಉಳಿದರೆ ಕಲ್ಲು ಅದನ್ನೇ ಹೊಡೆಯುತ್ತದೆ. ಪಟ್ಟಿ ಕೂರುವ ಜಾಗದ ತುಕ್ಕನ್ನೂ ಮಣ್ಣನ್ನೂ ತಂತಿ ಬ್ರಷ್‌ನಲ್ಲಿ ಚೆನ್ನಾಗಿ ತೆಗೆದೆ. ಹಿಡಿ ಮಣ್ಣು ಉಳಿದರೂ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಬೋಲ್ಟ್ ಸಡಿಲ ಆಗುತ್ತದೆ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಬಿಗಿ ಮಾಡುತ್ತಾ ಹೋದೆ.

ಈಗ ಅಂಗಳದ ಮೂಲೆಯಲ್ಲಿ ಒಂದು ಸಲ ಕೆರೆದು ನೋಡೋಣ. ಬಕೆಟ್ ನೆಲಕ್ಕೆ ಇಳಿಸಿದೆ. ಹಾಂ... ಎಡದಿಂದ ಬಲಕ್ಕೆ ಒಂದೇ ಗೆರೆ. ಹಳೇ ಪಟ್ಟಿ ಮೂಲೆಯಲ್ಲಿ ಬಿಟ್ಟುಹೋಗುತ್ತಿದ್ದ ಮಣ್ಣಿನ ಏಣು ಇಲ್ಲ. ನಾಳೆ ಪಕ್ಕದ ತೋಟದ ದಾರಿಗೆ ಹೋಗಬೇಕು. ಅರ್ಧ ದಿನ ಕೆಲಸ ಆದ ಮೇಲೆ ಸ್ಪ್ಯಾನರ್ ಹಿಡಿದು ಎಂಟೂ ನಟ್ ಮತ್ತೆ ಬಿಗಿ ಮಾಡುತ್ತೇನೆ.